ಕಲ್ಲನ್ನಪ್ಪಿ ಬಾಳುವ ಮೀಸೆಮೀನು

ಮೀನು ಎಂದರೆ ನಮ್ಮ ಆಸ್ಪರಿಯ ಕಡೆಯ ಮಕ್ಕಳಿಗೆ ನೆನಪಾಗುವುದು ಕೆರೆ, ಕಾಲುವೆ ಮತ್ತು ಸಂತೆಯ ಬುಟ್ಟಿ. ನಮ್ಮದು ಹತ್ತಿ, ಶೇಂಗಾ, ಜೋಳ ಬೆಳೆಯುವ ಬಯಲುಸೀಮೆ. ಇಲ್ಲಿಯ ಹಳ್ಳಗಳು ಮಳೆ ಬಂದ ದಿನ ಭೋರ್ಗರೆದು, ನಾಲ್ಕು ದಿನ ಕಳೆಯುವುದರೊಳಗೆ ಬರಿಯ ಮರಳಾಗಿ ಬಿಡುತ್ತವೆ. ವರ್ಷವಿಡೀ ಧುಮುಕಿ ಹರಿಯುವ ಬೆಟ್ಟದ ತೊರೆಯನ್ನು ನಮ್ಮ ಮಕ್ಕಳಲ್ಲಿ ಬಹುಪಾಲು ಜನ ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ಅಂಥ ತೊರೆಯಲ್ಲಿ, ದೊಡ್ಡವರ ಕಾಲನ್ನೇ ಕೀಳುವಂಥ ಸೆಳವಿನಲ್ಲಿ, ಕೈಬೆರಳಿನಷ್ಟು ಉದ್ದದ ಮೀನೊಂದು ಕೊಚ್ಚಿಹೋಗದೆ ಬಾಳುತ್ತದೆ ಎಂದರೆ ಆಶ್ಚರ್ಯವಲ್ಲವೆ?

ಆ ಮೀನಿನ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ. ಅದು ಮಲೆನಾಡಿನ ಮೀನು, ನಾವು ಬಯಲುಸೀಮೆಯವರು. ಆದರೂ ಅದಕ್ಕೂ ನಮಗೂ ಒಂದು ನಂಟುಂಟು. ಅದೇನೆಂಬುದನ್ನು ಕೊನೆಯಲ್ಲಿ ನೋಡೋಣ.

ಮೀಸೆಯುಳ್ಳ ಬಳಗ

ಬಾಯಿಯ ಸುತ್ತ ಮೀಸೆಯಂಥ ಎಳೆಗಳುಳ್ಳ, ಮೈಮೇಲೆ ಹುರುಪೆಯಿಲ್ಲದ ಮೀನುಗಳನ್ನು ಮೀಸೆಮೀನುಗಳೆಂದು ಕರೆಯುತ್ತೇವೆ. ನಮ್ಮಲ್ಲಿ ತೆಲುಗು ಬಲ್ಲವರು ಜೆಲ್ಲ ಎನ್ನುವುದೂ, ವಾಲುಗ ಎನ್ನುವುದೂ ಈ ಬಳಗದವೇ. ಕನ್ನಡದಲ್ಲಿ ಬಾಳೆಮೀನು, ಮುರುಗೋಡು, ಚೇಳುಮೀನು ಎಂಬ ಹೆಸರುಗಳನ್ನು ಕೇಳಿದ್ದೀರಿ. ಇವುಗಳ ಮೀಸೆ ಅಂದಕ್ಕಾಗಿ ಇರುವುದಲ್ಲ. ಕೆಸರಿನ ಕತ್ತಲಲ್ಲಿ, ಕಲ್ಲಿನ ಸಂದಿನಲ್ಲಿ ಕಣ್ಣು ಕಾಣದ ಕಡೆ ಆಹಾರವನ್ನು ಮುಟ್ಟಿ, ರುಚಿ ನೋಡಿ ತಿಳಿಯುವ ಅಂಗ ಅದು. ಕುರುಡನ ಕೈಯಲ್ಲಿ ಕೋಲಿದ್ದಂತೆ ಮೀನಿಗೆ ಈ ಮೀಸೆ; ಕೋಲಿಗೆ ನಾಲಗೆಯೂ ಇದ್ದರೆ ಹೇಗೋ ಹಾಗೆ.

ಈ ಬಳಗದ ಮುರುಗೋಡನ್ನು ಗಮನಿಸಿ. ಬೇಸಿಗೆಯಲ್ಲಿ ಕೆರೆ ಬತ್ತಿ ಬರಿಯ ಕೆಸರು ಉಳಿದಾಗಲೂ ಅದು ಸಾಯುವುದಿಲ್ಲ. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡಲು ಅದಕ್ಕೆ ಬೇರೊಂದು ಅಂಗವಿದೆ. ನಿಂತ ನೀರು, ಬಿಸಿ ನೀರು, ಕೊಳೆತ ನೀರು ಎಲ್ಲವನ್ನೂ ಅದು ಸಹಿಸಿಕೊಂಡೀತು. ನಮ್ಮ ಬರಗಾಲದ ಸೀಮೆಗೆ ತಕ್ಕ ಮೀನು ಅದು.

ನಾವು ಹೇಳಹೊರಟ ಬೆಟ್ಟದ ಮೀಸೆಮೀನು ಇದಕ್ಕೆ ತೀರ ವಿರುದ್ಧ. ಅದಕ್ಕೆ ತಂಪು ನೀರು ಬೇಕು, ತಿಳಿನೀರು ಬೇಕು, ಓಡುವ ನೀರು ಬೇಕು. ಮುರುಗೋಡು ಬರಗಾಲವನ್ನು ಗೆದ್ದಿದೆ; ಇದು ಪ್ರವಾಹವನ್ನು ಗೆದ್ದಿದೆ. ಒಂದೇ ಬಳಗದ ಎರಡು ಕುಡಿಗಳು ಎರಡು ಬೇರೆ ಕಷ್ಟಗಳಿಗೆ ಎರಡು ಬೇರೆ ಉಪಾಯಗಳನ್ನು ಪಡೆದಿವೆ.

ಹೆಸರಿನಲ್ಲೇ ಇದೆ ಗುಟ್ಟು

ಈ ಮೀನುಗಳ ಕುಲಕ್ಕೆ ವಿಜ್ಞಾನಿಗಳಿಟ್ಟ ಹೆಸರು ಗ್ಲಿಪ್ಟೋಥೊರಾಕ್ಸ್. ನಾಲಗೆ ತೊಡರುವಂಥ ಹೆಸರೆಂದು ಹೆದರಬೇಡಿ. ಸಂಸ್ಕೃತದ ಸಮಾಸವನ್ನು ಬಿಡಿಸುವಂತೆ ಇದನ್ನೂ ಬಿಡಿಸಬಹುದು. ಗ್ರೀಕ್ ಭಾಷೆಯಲ್ಲಿ ‘ಗ್ಲಿಪ್ಟೋಸ್’ ಎಂದರೆ ಕೆತ್ತಿದ್ದು. ‘ಥೊರಾಕ್ಸ್’ ಎಂದರೆ ಎದೆ. ಕೆತ್ತಿದ ಎದೆಯುಳ್ಳದ್ದು ಎಂದು ಅರ್ಥ. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಇದೊಂದು ಬಹುವ್ರೀಹಿ ಸಮಾಸ! ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬ ವಿದ್ವಾಂಸ 1860ರಲ್ಲಿ ಈ ಹೆಸರನ್ನಿಟ್ಟ.

ಎದೆಯಲ್ಲಿ ಕೆತ್ತಿರುವುದೇನು? ಮೀನನ್ನು ಅಂಗಾತ ಮಾಡಿ ನೋಡಿದರೆ, ಎರಡು ಎದೆರೆಕ್ಕೆಗಳ ನಡುವೆ ಚರ್ಮವು ಸಾಲುಸಾಲಾಗಿ ಮಡಿಕೆಗೊಂಡು ಏಣು ಮತ್ತು ತೋಡುಗಳಾಗಿರುವುದು ಕಾಣುತ್ತದೆ. ಹೊಲವನ್ನು ಉತ್ತಾಗ ಎದ್ದು ನಿಲ್ಲುವ ಸಾಲುಗಳಂತೆ ಇವು. ಬರಿಗಣ್ಣಿಗೆ ಇಷ್ಟೇ. ಬಲವಾದ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಆ ಏಣುಗಳ ಮೇಲೆ ತೀರ ಸಣ್ಣ ಮುಳ್ಳುಗಳು ಒತ್ತೊತ್ತಾಗಿ ನಿಂತಿರುತ್ತವೆ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಆ ಕೆರಾಟಿನ್ ಎಂಬ ಗಟ್ಟಿ ವಸ್ತುವಿನಿಂದಲೇ ಆ ಮುಳ್ಳುಗಳೂ ಆಗಿವೆ.

ಈ ಹೆಸರನ್ನು ದಿನಬಳಕೆಯಲ್ಲಿ ಹೇಳುವುದು ಕಷ್ಟ. ಆದ್ದರಿಂದ ಈ ಲೇಖನದ ಮಟ್ಟಿಗೆ ನಾವು ಇದನ್ನು ‘ಕಲ್ಲಂಟುಮೀನು’ ಎಂದು ಕರೆಯೋಣ. ಇದು ನಾವಿಟ್ಟುಕೊಂಡ ಹೆಸರು, ನಿಘಂಟಿನಲ್ಲಿ ಹುಡುಕಬೇಡಿ.

ಸೆಳವನ್ನು ಗೆದ್ದ ಬಗೆ

ಕಲ್ಲಂಟುಮೀನಿನ ಎದೆ ಕಲ್ಲನ್ನು ಹಿಡಿಯುವುದು ಹೇಗೆ? ಒದ್ದೆಯಾದ ಬಂಡೆಯ ಮೇಲೆ ಸವೆದ ಚಪ್ಪಲಿ ಹಾಕಿಕೊಂಡು ನಡೆದರೆ ಜಾರುತ್ತೇವೆ. ಅಡಿಯಲ್ಲಿ ಗೆರೆಗೆರೆಯಾಗಿ ತೋಡುಗಳಿರುವ ಹೊಸ ಚಪ್ಪಲಿ ಹಾಕಿಕೊಂಡರೆ ಜಾರುವುದಿಲ್ಲ. ಸೈಕಲ್ಲಿನ ಟೈರಿಗೆ ಪಟ್ಟೆಗಳಿರುವುದೂ ಇದೇ ಕಾರಣಕ್ಕೆ. ಎರಡು ಮೈಗಳು ಒಂದಕ್ಕೊಂದು ಉಜ್ಜಿದಾಗ ಹುಟ್ಟುವ ತಡೆಗೆ ಘರ್ಷಣೆ ಎಂದು ಹೆಸರೆಂಬುದನ್ನು ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಕಲ್ಲಂಟುಮೀನು ಆ ಪಾಠವನ್ನು ಎದೆಯ ಮೇಲೆಯೇ ಬರೆದುಕೊಂಡಿದೆ. ಏಣು ಮತ್ತು ಮುಳ್ಳುಗಳು ಕಲ್ಲಿನ ಗರುಕಿಗೆ ಸಿಕ್ಕಿಕೊಂಡು ಮೀನು ಹಿಂದಕ್ಕೆ ಜಾರದಂತೆ ತಡೆಯುತ್ತವೆ.

ಎದೆಯೊಂದೇ ಸಾಲದು, ಇಡೀ ದೇಹವೇ ಈ ಕೆಲಸಕ್ಕೆ ಸಿದ್ಧವಾಗಿದೆ. ಹೊಟ್ಟೆಯ ಭಾಗ ಚಪ್ಪಟೆ. ಬೆನ್ನು ಸ್ವಲ್ಪ ಕಮಾನು. ಎದೆರೆಕ್ಕೆಗಳು ಪಕ್ಕಕ್ಕೆ ಚಾಚಿಕೊಂಡು ಕಲ್ಲಿಗೆ ಒರಗುತ್ತವೆ. ಕಣ್ಣು ಚಿಕ್ಕದು, ತಲೆಯ ಮೇಲ್ಭಾಗದಲ್ಲಿದೆ. ಬಾಯಿ ಅಡಿಯಲ್ಲಿದೆ. ನಾಲ್ಕು ಜೊತೆ ಮೀಸೆಗಳಲ್ಲಿ ಮೇಲ್ದವಡೆಯ ಜೊತೆಯ ಬುಡ ಅಗಲವಾಗಿದೆ.

ಇನ್ನೊಂದು ಸೋಜಿಗ. ಕೆರೆಯ ಮೀನಿನ ಹೊಟ್ಟೆಯೊಳಗೆ ಗಾಳಿ ತುಂಬಿದ ಚೀಲವೊಂದಿರುತ್ತದೆ. ಮೀನು ನೀರಿನಲ್ಲಿ ತೇಲಲು ಅದು ಸಹಾಯ ಮಾಡುತ್ತದೆ. ಸೆಳವಿನ ತೊರೆಯಲ್ಲಿ ತೇಲಿದ ಮೀನಿನ ಗತಿ ಏನು? ನೀರು ಕೊಂಡೊಯ್ದ ಕಡೆ ಹೋಗಬೇಕು. ಆದ್ದರಿಂದ ಕಲ್ಲಂಟುಮೀನು ಸೇರಿದ ಸಿಸೋರಿಡೇ ಎಂಬ ಕುಟುಂಬದಲ್ಲಿ ಈ ಗಾಳಿಚೀಲ ಬಹಳ ಕುಗ್ಗಿ, ಎಲುಬಿನ ಪುಟ್ಟ ಡಬ್ಬಿಯೊಳಗೆ ಅಡಗಿದೆ. ಮುಳುಗಿರುವುದೇ ಅದಕ್ಕೆ ಕ್ಷೇಮ.

ಇದರ ಜೊತೆಗೆ ನೀರಿನ ಒಂದು ಗುಣವೂ ಮೀನಿಗೆ ನೆರವಾಗುತ್ತದೆ. ಹರಿಯುವ ನೀರು ಎಲ್ಲ ಕಡೆಯೂ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಹೊಲದ ಕಾಲುವೆಯಲ್ಲಿ ನಡುವೆ ಒಂದು ಎಲೆ, ದಂಡೆಗೆ ತಾಗಿ ಒಂದು ಎಲೆ ಏಕಕಾಲಕ್ಕೆ ಬಿಟ್ಟು ನೋಡಿ. ನಡುವಿನ ಎಲೆ ಮುಂದೆ ಓಡುತ್ತದೆ. ದಂಡೆಯ ಎಲೆ ಹಿಂದೆ ಉಳಿಯುತ್ತದೆ. ಮಣ್ಣಿಗೆ ತಾಗಿದ ನೀರನ್ನು ಮಣ್ಣು ತಡೆಯುತ್ತದೆ. ಹಾಗೆಯೇ ಬಂಡೆಗೆ ತಾಗಿದ ತೆಳುವಾದ ನೀರಿನ ಪದರ ನಿಧಾನವಾಗಿ ಚಲಿಸುತ್ತದೆ. ಚಪ್ಪಟೆಯಾದ ಮೀನು ಆ ಪದರದಲ್ಲಿಯೇ ತಗ್ಗಿ ಮಲಗುತ್ತದೆ. ಮೇಲೆ ಪ್ರವಾಹ ಅಬ್ಬರಿಸುತ್ತಿದ್ದರೂ ಕೆಳಗೆ ಮೀನು ತನ್ನ ಪಾಡಿಗೆ ತಾನಿರುತ್ತದೆ. ಬಲಶಾಲಿಯನ್ನು ಬಲದಿಂದ ಎದುರಿಸದೆ, ತಲೆ ತಗ್ಗಿಸಿ, ನೆಲೆ ಬಿಡದೆ ಗೆಲ್ಲುವ ಬಗೆ ಇದು. (ಈ ಪ್ರಯೋಗವನ್ನು ಹೊಲದ ಸಣ್ಣ ಕಾಲುವೆಯಲ್ಲಿ ಹಿರಿಯರ ಜೊತೆ ಮಾತ್ರ ಮಾಡಿರಿ. ದೊಡ್ಡ ಕಾಲುವೆಯ ದಂಡೆಗೆ ಹೋಗಕೂಡದು.)

ಉಸಿರು ಮತ್ತು ಊಟ

ಇಷ್ಟು ಕಷ್ಟಪಟ್ಟು ಸೆಳವಿನಲ್ಲಿಯೇ ಏಕಿರಬೇಕು? ಕೆಳಗಿನ ಮಡುವಿಗೆ ಬಂದು ಸುಖವಾಗಿರಬಾರದೆ? ಈ ಪ್ರಶ್ನೆಗೆ ಉತ್ತರ ಅದರ ಉಸಿರಿನಲ್ಲಿದೆ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನೀರು ತಂಪಾದಷ್ಟೂ ಹೆಚ್ಚು ಆಮ್ಲಜನಕ ಕರಗಿರುತ್ತದೆ, ಬಿಸಿಯಾದಷ್ಟೂ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. ಅಲ್ಲದೆ ಬಂಡೆಯಿಂದ ಬಂಡೆಗೆ ಧುಮುಕಿ ನೊರೆಯೇಳುವ ನೀರಿಗೆ ಗಾಳಿ ಚೆನ್ನಾಗಿ ಬೆರೆಯುತ್ತದೆ. ಇಂಥ ನೀರಿನಲ್ಲಿ ಬಾಳಿ ರೂಢಿಯಾದ ಕಲ್ಲಂಟುಮೀನಿಗೆ ನಿಂತ ಬೆಚ್ಚನೆಯ ನೀರು ಒಗ್ಗುವುದಿಲ್ಲ. ಮುರುಗೋಡಿನಂತೆ ಗಾಳಿಯನ್ನು ಗುಟುಕರಿಸುವ ಅಂಗವೂ ಅದಕ್ಕಿಲ್ಲ.

ಊಟವೂ ಅಲ್ಲಿಯೇ ಇದೆ. ತೊರೆಯ ಕಲ್ಲುಗಳ ಅಡಿಯಲ್ಲಿ, ಸಂದುಗೊಂದುಗಳಲ್ಲಿ ಹಲವು ಬಗೆಯ ಹುಳುಗಳ ಮರಿಗಳು ಬೆಳೆಯುತ್ತವೆ. ರೆಕ್ಕೆ ಬಂದ ಮೇಲೆ ಒಂದೆರಡು ದಿನ ಮಾತ್ರ ಬದುಕುವ ದಿನದ ಹುಳುಗಳೂ ಎಳೆತನವನ್ನು ಕಳೆಯುವುದು ಇಂಥ ನೀರಿನಲ್ಲಿಯೇ. ಮೀಸೆಯಿಂದ ತಡಕಿ, ಅಡಿಯಲ್ಲಿರುವ ಬಾಯಿಯಿಂದ ಇವನ್ನು ಹಿಡಿದು ತಿನ್ನುತ್ತದೆ ನಮ್ಮ ಮೀನು. ಅಂದರೆ ಕಲ್ಲು ಅದಕ್ಕೆ ಮನೆ. ಕಲ್ಲಿನ ಸಂದು ಅದಕ್ಕೆ ಉಗ್ರಾಣ. ಕಲ್ಲು ಶುಚಿಯಾಗಿರಬೇಕು, ಸಂದು ತೆರೆದಿರಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಂಡವರು, ಹೆಸರಿಟ್ಟವರು

ಪಶ್ಚಿಮದಲ್ಲಿ ಟರ್ಕಿ ದೇಶದಿಂದ ಹಿಡಿದು ಪೂರ್ವದಲ್ಲಿ ಜಾವಾ, ಬೋರ್ನಿಯೋ ದ್ವೀಪಗಳವರೆಗೆ ಈ ಕುಲ ಹರಡಿದೆ. ಇದುವರೆಗೆ ಗುರುತಿಸಿರುವ ಜಾತಿಗಳು ನೂರಕ್ಕೂ ಮಿಕ್ಕಿವೆ. ನಮ್ಮ ದೇಶದಲ್ಲಿ ಹಿಮಾಲಯದ ತೊರೆಗಳಲ್ಲಿಯೂ ಪಶ್ಚಿಮಘಟ್ಟಗಳ ತೊರೆಗಳಲ್ಲಿಯೂ ಇವೆ.

ಬೊಂಬಾಯಿ ಸರ್ಕಾರದ ಪರವಾಗಿ ದಖ್ಖನ್ನಿನ ಅಂಕಿಅಂಶ ಕಲೆಹಾಕುತ್ತಿದ್ದ ಕರ್ನಲ್ ಸೈಕ್ಸ್ ಎಂಬ ಸೈನ್ಯಾಧಿಕಾರಿ 1839ರಲ್ಲಿ ದಖ್ಖನ್ನಿನ ಮೀನುಗಳನ್ನು ಕುರಿತು ಬರೆದ. ಅದರಲ್ಲಿ ‘ಲೋನಾ’ ಎಂಬ ಕಲ್ಲಂಟುಮೀನಿನ ವರ್ಣನೆ ಇದೆ. ಅದೇ ಬರಹದಲ್ಲಿ ಸೈಕ್ಸ್ ವರ್ಣಿಸಿದ ಇನ್ನೊಂದು ಮೀನು ಇದೇ ಕುಟುಂಬದ ದೈತ್ಯ. ಬಗೇರಿಯಸ್ ಎಂಬ ಆ ಮೀನು ಆಳು ಉದ್ದ ಬೆಳೆಯಬಲ್ಲದು. ಬೆರಳುದ್ದದ ತಮ್ಮನಿಗೆ ಆಳುದ್ದದ ಅಣ್ಣ! ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದು ಮೀನುಗಳ ಅಧ್ಯಯನಕ್ಕೆ ಬಾಳನ್ನು ಮೀಸಲಿಟ್ಟ ಫ್ರಾನ್ಸಿಸ್ ಡೇ 1873ರಲ್ಲಿ ಮದ್ರಾಸಿನ ಹೆಸರಿನಲ್ಲಿಯೇ ಇನ್ನೊಂದು ಜಾತಿಯನ್ನು ಗುರುತಿಸಿದ.

ಬೆಟ್ಟದ ತೊರೆಗಳ ಜೀವಿಗಳನ್ನು ಕುರಿತು ನಮ್ಮ ದೇಶದಲ್ಲಿ ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಡಾ. ಸುಂದರಲಾಲ್ ಹೋರಾ. ಅವರು 1896ರಲ್ಲಿ ಪಂಜಾಬಿನಲ್ಲಿ ಹುಟ್ಟಿ, 1947ರಿಂದ 1955ರಲ್ಲಿ ತೀರಿಕೊಳ್ಳುವವರೆಗೆ ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು. ಸೆಳವಿನ ನೀರು ಪ್ರಾಣಿಗಳ ದೇಹವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಕುರಿತ ಅವರ ದೊಡ್ಡ ಪ್ರಬಂಧ 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಶ್ಚಿಮಘಟ್ಟದ ಹಲವು ಕಲ್ಲಂಟುಮೀನುಗಳಿಗೆ ಹೆಸರಿಟ್ಟವರೂ ಅವರೇ. ಹಿಮಾಲಯದ ಮೀನುಗಳ ಹತ್ತಿರದ ನೆಂಟರು ನಡುವಿನ ಬಯಲನ್ನು ದಾಟಿ ಪಶ್ಚಿಮಘಟ್ಟಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತು. ವಿಂಧ್ಯ, ಸಾತ್ಪುರ ಬೆಟ್ಟಸಾಲುಗಳೇ ಹಿಂದೊಮ್ಮೆ ಅವುಗಳಿಗೆ ಸೇತುವೆಯಾಗಿದ್ದಿರಬೇಕೆಂದು ಅವರು ವಾದಿಸಿದರು. ಈ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಆದರೆ ಬೆರಳುದ್ದದ ಮೀನೊಂದು ಒಂದು ದೇಶದ ಬೆಟ್ಟಗಳ ಪುರಾತನ ಚರಿತ್ರೆಯನ್ನೇ ಪ್ರಶ್ನಿಸುವಂತೆ ಮಾಡಿತು ಎಂಬುದು ಸಣ್ಣ ಮಾತಲ್ಲ.

ಹೂಳೆಂಬ ಹಗೆ

ಪ್ರವಾಹಕ್ಕೆ ಜಗ್ಗದ ಈ ಮೀನು ಒಂದಕ್ಕೆ ಮಾತ್ರ ಸೋಲುತ್ತದೆ. ಅದೇ ಹೂಳು.

ಬೆಟ್ಟದ ಕಾಡನ್ನು ಕಡಿದಾಗ, ಇಳಿಜಾರಿನಲ್ಲಿ ರಸ್ತೆ ಅಗೆದಾಗ, ಗಣಿ ತೋಡಿದಾಗ ಸಡಿಲವಾದ ಮಣ್ಣು ಮಳೆಯೊಡನೆ ತೊರೆಗೆ ಇಳಿಯುತ್ತದೆ. ನುಣ್ಣನೆಯ ಹೂಳು ಕಲ್ಲುಗಳ ಸಂದನ್ನು ತುಂಬುತ್ತದೆ. ಅಲ್ಲಿದ್ದ ಹುಳುಮರಿಗಳು ಉಸಿರುಗಟ್ಟಿ ಸಾಯುತ್ತವೆ, ಉಗ್ರಾಣ ಬರಿದಾಗುತ್ತದೆ. ಮೀನಿನ ಕಿವಿರಿಗೆ ಕೆಸರು ಮೆತ್ತುತ್ತದೆ. ಹೂಳು ಮುಚ್ಚಿದ ಕಲ್ಲಿನಲ್ಲಿ ಹಿಡಿತಕ್ಕೆ ಬೇಕಾದ ಗರುಕೂ ಇರುವುದಿಲ್ಲ. ಇದರ ಮೇಲೆ ತೊರೆಯ ಮರಳು, ಗುಂಡುಕಲ್ಲು ಹೊತ್ತೊಯ್ಯುವವರು, ಮೀನು ಹಿಡಿಯಲು ಸಿಡಿಮದ್ದು ಎಸೆಯುವವರು, ವಿಷ ಬೆರೆಸುವವರು. ದೊಡ್ಡ ಮೀನೊಂದನ್ನು ಹಿಡಿಯಲು ಹೋಗಿ ಇಡೀ ಮಡುವನ್ನೇ ಕೊಲ್ಲುವ ಕೆಲಸ ಇದು.

ಇದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖವೇ ಉದಾಹರಣೆ. ಅಲ್ಲಿಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿಯನ್ನು ಕೇಂದ್ರ ಸರ್ಕಾರ ಸ್ಥಾಪಿಸಿತು. ಅದಿರನ್ನು ನೀರಿನೊಡನೆ ಬೆರೆಸಿ, ಘಟ್ಟದಿಂದ ಮಂಗಳೂರಿನ ಬಂದರಿಗೆ ಕೊಳವೆಯ ಮೂಲಕ ಸಾಗಿಸುತ್ತಿದ್ದರು. ಸಾವಿರಾರು ಜನಕ್ಕೆ ಅದರಿಂದ ಅನ್ನ ಸಿಕ್ಕಿತು ಎಂಬುದು ನಿಜ. ಆದರೆ ಮಳೆಗಾಲದಲ್ಲಿ ಭದ್ರಾ ನದಿಗೆ ಇಳಿಯುತ್ತಿದ್ದ ಹೂಳನ್ನು ಕುರಿತು ಜನ ಚಿಂತಿಸತೊಡಗಿದರು. 1987ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರು. ವನ್ಯಜೀವಿ ರಕ್ಷಕರಾದ ಕೆ. ಎಂ. ಚಿಣ್ಣಪ್ಪನವರು ನ್ಯಾಯಾಲಯದ ಮೊರೆಹೋದರು. ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿತು. 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು.

ಈಗ ಒಂದು ಸಂಗತಿ ಕೇಳಿ. ಗಣಿ ನಿಂತ ಎರಡು ವರ್ಷಗಳ ಮೇಲೆ, 2007ರಲ್ಲಿ, ಕೆ. ಸಿ. ಗೋಪಿ ಎಂಬ ವಿಜ್ಞಾನಿ ಕುದುರೆಮುಖದಲ್ಲಿ ದೊರೆತ ಒಂದು ಕಲ್ಲಂಟುಮೀನನ್ನು ಪರೀಕ್ಷಿಸಿ, ಇದು ಜಗತ್ತಿಗೆ ಹೊಸದು ಎಂದು ಸಾರಿದರು. ಆ ಊರಿನ ಹೆಸರನ್ನೇ ಅದಕ್ಕಿಟ್ಟರು: ಗ್ಲಿಪ್ಟೋಥೊರಾಕ್ಸ್ ಕುದ್ರೆಮುಖೆನ್ಸಿಸ್. ಅಂದರೆ ಬೆಟ್ಟವನ್ನು ಅಗೆಯುತ್ತಿದ್ದ ಅಷ್ಟೂ ವರ್ಷ, ಆ ಸೀಮೆಯ ತೊರೆಯಲ್ಲಿ ಹೆಸರಿಲ್ಲದ ಒಂದು ಜೀವ ಕಲ್ಲನ್ನಪ್ಪಿಕೊಂಡು ಕೂತಿತ್ತು. ಅದಿರಿನ ತೂಕ ಎಷ್ಟು ಟನ್ನೆಂಬ ಲೆಕ್ಕ ಇತ್ತು. ಈ ಜೀವದ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಹೆಸರು ತಿಳಿಯುವ ಮೊದಲೇ ಅಳಿದುಹೋದ ಜೀವಿಗೆ ಅಳುವವರಾದರೂ ಯಾರು? ಇಂದು ಈ ಮೀನನ್ನು ಅಳಿವಿನ ಭೀತಿಯಲ್ಲಿರುವ ಜೀವಿಗಳ ಸಾಲಿನಲ್ಲಿ ಸೇರಿಸಿದ್ದಾರೆ.

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲಲ್ಲಿ ನಿಂತು ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕಿದ್ದೀರಿ. ದೇವರ ಮೀನುಗಳೆಂದು ಅವನ್ನು ಯಾರೂ ಮುಟ್ಟುವುದಿಲ್ಲ. ಭಕ್ತಿಯಿಂದ ಜೀವ ಉಳಿಯುವುದಕ್ಕೆ ಅದೊಂದು ಒಳ್ಳೆಯ ಸಾಕ್ಷಿ. ಕಲ್ಲಂಟುಮೀನಿಗೆ ಆ ಭಾಗ್ಯವಿಲ್ಲ. ಅದು ಮೇಲೆ ಬರುವುದಿಲ್ಲ, ಮಂಡಕ್ಕಿ ತಿನ್ನುವುದಿಲ್ಲ, ಕಣ್ಣಿಗೆ ಬೀಳುವುದೇ ಅಪರೂಪ. ಕಣ್ಣಿಗೆ ಬೀಳದುದನ್ನು ಕಾಪಾಡಲು ಭಕ್ತಿಯ ಜೊತೆಗೆ ತಿಳಿವಳಿಕೆಯೂ ಬೇಕು.

ನಮಗೂ ಅದಕ್ಕೂ ಇರುವ ನಂಟು

ಆಸ್ಪರಿಯಲ್ಲಿ ರೈಲು ಹತ್ತಿ ಆದೋನಿ, ಕೋಸಿಗಿ ದಾಟಿ ಮಂತ್ರಾಲಯ ರೋಡ್ ನಿಲ್ದಾಣದಲ್ಲಿ ಇಳಿದು, ರಾಯರ ಮಠಕ್ಕೆ ಹೋಗಿ ತುಂಗಭದ್ರೆಯಲ್ಲಿ ಕಾಲು ತೊಳೆಯದ ಮನೆ ನಮ್ಮ ಸೀಮೆಯಲ್ಲಿ ವಿರಳ. ಆ ನೀರು ಹುಟ್ಟುವುದೆಲ್ಲಿ? ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ತುಂಗೆ, ಭದ್ರೆ ಎರಡೂ ಅಲ್ಲಿಯೇ ಹುಟ್ಟಿ ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಸುಮಾರು 530 ಕಿಲೋಮೀಟರ್ ಹರಿದು, ಆಲಂಪುರದ ಸಮೀಪ ಕೃಷ್ಣೆಯನ್ನು ಸೇರುತ್ತದೆ ತುಂಗಭದ್ರೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹಿರಿಯರು ಹೇಳಿದ್ದಾರೆ. ಮಲೆನಾಡಿನ ಮಳೆಯೇ ಆ ನೀರಿನ ಬೇರು. ನಮ್ಮಲ್ಲಿ ಒಂದು ವರ್ಷ ಬೀಳುವುದರ ಹತ್ತು ಪಟ್ಟಿಗೂ ಹೆಚ್ಚು ಮಳೆ ಆಗುಂಬೆಯಲ್ಲಿ ಬೀಳುತ್ತದೆ.

ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟಿನಿಂದ ಹೊರಟ ಕೆಳಮಟ್ಟದ ಕಾಲುವೆ ನಮ್ಮ ಆದೋನಿ, ಎಮ್ಮಿಗನೂರು ಕಡೆಯ ಹೊಲಗಳಿಗೆ ನೀರು ತರುತ್ತದೆ. 1953ರಲ್ಲಿ ಕಟ್ಟಿ ಮುಗಿಸಿದಾಗ ಆ ಜಲಾಶಯ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯಲ್ಲಿ ಅದರ ಸಾಮರ್ಥ್ಯ ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿತ್ತು. ಉಳಿದ ಜಾಗವನ್ನು ತುಂಬಿದ್ದೇನು? ಹೂಳು. ಮೇಲಿನ ಸೀಮೆಗಳ ಕಾಡು, ಗುಡ್ಡ, ಹೊಲಗಳಿಂದ ಕೊಚ್ಚಿಬಂದ ಮಣ್ಣು.

ಈಗ ನಂಟು ತಿಳಿಯಿತಲ್ಲವೆ? ಮೇಲೆ ತೊರೆಯಲ್ಲಿ ಮೀನಿನ ಉಗ್ರಾಣವನ್ನು ಮುಚ್ಚುವುದು ಹೂಳು. ಕೆಳಗೆ ಜಲಾಶಯದಲ್ಲಿ ರೈತನ ಉಗ್ರಾಣವನ್ನು ಬರಿದುಮಾಡುವುದೂ ಹೂಳೇ. ಹಗೆ ಒಬ್ಬನೇ. ಬೆಟ್ಟದ ತೊರೆಯ ಕಲ್ಲು ಶುಚಿಯಾಗಿದ್ದು ಅದರ ಮೇಲೆ ಕಲ್ಲಂಟುಮೀನು ಕೂತಿದೆಯೆಂದರೆ, ಆ ಬೆಟ್ಟದ ಮಣ್ಣು ಬೆಟ್ಟದಲ್ಲಿಯೇ ಇದೆ ಎಂದು ಅರ್ಥ. ಮೀನು ಕಾಣೆಯಾಯಿತೆಂದರೆ ಕಾಲುವೆಯ ಕೊನೆಯ ಹೊಲದವನೂ ಎಚ್ಚರಗೊಳ್ಳಬೇಕು.

ವಿದ್ಯಾರ್ಥಿಗಳೇ, ‘ಹರಿಯುವ ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ’ ಎಂಬ ಗಾದೆ ಇದೆ. ನೀರು ಎಲ್ಲರದು ಎಂಬುದು ಅದರ ಹುರುಳು. ಎಲ್ಲರದು ಎಂದ ಮೇಲೆ ಬೆರಳುದ್ದದ ಮೀನಿನದೂ ಹೌದು. ನಾವು ಕುದುರೆಮುಖಕ್ಕೆ ಹೋಗಿ ಅದನ್ನು ಕಾಯಲಾರೆವು. ನಮ್ಮ ಹೊಲದ ಬದುವನ್ನು ಗಟ್ಟಿ ಮಾಡಿ ಮಣ್ಣು ಹಳ್ಳಕ್ಕೆ ಇಳಿಯದಂತೆ ನೋಡಿಕೊಳ್ಳಬಲ್ಲೆವು. ನಮ್ಮ ಹಳ್ಳದ ಮರಳನ್ನು ಹಳ್ಳಕ್ಕೆ ಬಿಡಬಲ್ಲೆವು. ತಂದೆತಾಯಿಯರು ಮುಂದಿನ ಸಲ ಮಕ್ಕಳನ್ನು ಶೃಂಗೇರಿಗೋ ಆಗುಂಬೆಗೋ ಕರೆದೊಯ್ದಾಗ, ದೊಡ್ಡ ಮೀನುಗಳನ್ನು ತೋರಿಸಿದ ಮೇಲೆ, ತಿಳಿನೀರಿನ ಕೆಳಗಿರುವ ಕಲ್ಲುಗಳನ್ನೂ ಒಮ್ಮೆ ತೋರಿಸಲಿ. ಮೀನು ಕಾಣಲಿಕ್ಕಿಲ್ಲ. ಆದರೆ ಆ ಕಲ್ಲಿನ ಅಡಿಯಲ್ಲಿ ಯಾರ ಮನೆ ಇದೆಯೆಂಬುದು ನಮ್ಮ ಮಕ್ಕಳಿಗೆ ಗೊತ್ತಿರುತ್ತದೆ.